‘ರಾಕು’ ಎಂಬ ಅಕ್ಷರವೂ ಜಪಾನೀಯರ ಕುಂಭಕಲೆಯೂ

೧

ಶಬ್ದಾರ್ಥಗಳ ಸಂಬಂಧವು ನಿತ್ಯವೆಂದು ಮೀಮಾಂಸಕರೂ, ಸಂಕೇತದಿಂದ ಉಂಟಾದುದೆಂದು ನೈಯಾಯಿಕರೂ ಹೇಳುವರು. ಈ ವಾದವು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ನಡೆಯತಕ್ಕುದಲ್ಲ. ಒಂದು ಹೆಸರು ಒಂದು ವಸ್ತುವಿಗೆ ಯಾವಾಗ ಅಂಟಿಕೊಂಡಿತು, ಯಾರು ಅಂಟಿಸಿದರು, ಆ ಹೆಸರಿನ ಅಧಿಕಾರವು ಯಾರದು ಎಂಬ ಪ್ರಶ್ನೆಗಳು ಚರಿತ್ರಕಾರನನ್ನೂ ಬಾಧಿಸುತ್ತವೆ. ಜಪಾನ್ ದೇಶದ ಮೃತ್ಪಾತ್ರಗಳ ಇತಿಹಾಸದಲ್ಲಿ ಇದಕ್ಕೆ ಒಂದು ವಿಶೇಷವಾದ ಉದಾಹರಣೆಯುಂಟು. ಅಲ್ಲಿ ಒಂದೇ ಒಂದು ಅಕ್ಷರವು ಒಂದು ಬಗೆಯ ಬಟ್ಟಲಿಗೂ, ಅದನ್ನು ಮಾಡುವ ಮನೆತನಕ್ಕೂ, ಬಟ್ಟಲಿನ ಅಡಿಯಲ್ಲಿ ಒತ್ತುವ ಮುದ್ರೆಗೂ ಹೆಸರಾಗಿ ನಾಲ್ಕು ಶತಮಾನಗಳಿಂದ ನಡೆದುಬಂದಿದೆ. ಅದೇ ‘ರಾಕು’ ಎಂಬ ಅಕ್ಷರ.

ಜಪಾನೀಯರು ಚೀನದಿಂದ ಪಡೆದ ಭಾವಲಿಪಿಗೆ ಕಾಂಜಿ ಎಂದು ಹೆಸರು. ಇದರಲ್ಲಿ ಪ್ರತಿಯೊಂದು ಅಕ್ಷರವೂ ಕೇವಲ ಧ್ವನಿಯನ್ನಲ್ಲದೆ ಅರ್ಥವನ್ನೂ ಹೊತ್ತಿರುತ್ತದೆ. ಆದಕಾರಣ ಈ ಲಿಪಿಯಲ್ಲಿ ಒಂದು ಅಕ್ಷರದ ಚರಿತ್ರೆಯೆಂದರೆ ಒಂದು ಶಬ್ದದ ಚರಿತ್ರೆಯೇ ಆಗಿರುತ್ತದೆ. ‘ರಾಕು’ ಅಕ್ಷರದ ನಿರ್ವಚನವೇನು, ಅದು ಕುಂಬಾರನ ಆವಿಗೆಯನ್ನು ಸೇರಿದ ಬಗೆ ಹೇಗೆ, ಇಂದು ಅದರ ಲಕ್ಷಣವನ್ನು ಹೇಗೆ ಹೇಳತಕ್ಕುದು ಎಂಬೀ ಮೂರು ವಿಷಯಗಳು ಇಲ್ಲಿ ವಿಚಾರ್ಯವಾಗಿವೆ.

೨

ಈ ಅಕ್ಷರದ ಹಳೆಯ ರೂಪವು ಹದಿನೈದು ಗೀಟುಗಳಿಂದ ಕೂಡಿದುದು. ಕೆಳಗೆ ‘ಮರ’ ಎಂಬರ್ಥದ ಚಿಹ್ನೆ. ಮೇಲೆ ನಡುವೆ ‘ಬಿಳುಪು’ ಎಂಬರ್ಥದ ಚಿಹ್ನೆ. ಅದರ ಎಡಬಲಗಳಲ್ಲಿ ನೂಲಿನ ಎಳೆಯನ್ನು ಸೂಚಿಸುವ ಎರಡು ಚಿಹ್ನೆಗಳು. ೧೯೪೯ರಲ್ಲಿ ಜಪಾನ್ ಸರ್ಕಾರವು ಅಕ್ಷರರೂಪಗಳನ್ನು ಸರಳಗೊಳಿಸಿದಾಗ ಎಳೆಗಳ ಸ್ಥಾನದಲ್ಲಿ ಸಣ್ಣ ಗೀಟುಗಳು ಬಂದು, ಒಟ್ಟು ಗೀಟುಗಳು ಹದಿಮೂರಾದುವು.

ಇದರ ವ್ಯುತ್ಪತ್ತಿಯಲ್ಲಿ ವಿದ್ವಾಂಸರಿಗೆ ಏಕಮತ್ಯವಿಲ್ಲ. ಕ್ರಿ. ಶ. ೧೦೦ರ ಸುಮಾರಿನಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ರಚಿಸಿದ ಚೀನೀ ಪಂಡಿತ ಷು ಷೆನ್ ಎಂಬವನು, ಇದು ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ ಭೇರಿಯ ಚಿತ್ರವೆಂದು ವಿವರಿಸಿದನು. ೧೮೯೯ರಲ್ಲಿ ಆಮೆಯ ಚಿಪ್ಪು ಮತ್ತು ಎಲುಬುಗಳ ಮೇಲೆ ಕೊರೆದ ಅತಿ ಪ್ರಾಚೀನ ಲಿಪಿಯು ಬೆಳಕಿಗೆ ಬಂದ ಮೇಲೆ ಈ ಮತವು ಶಿಥಿಲವಾಯಿತು. ಏಕೆಂದರೆ ಆ ಲಿಪಿಯಲ್ಲಿ ನಡುವಣ ‘ಬಿಳುಪು’ ಚಿಹ್ನೆಯೇ ಇಲ್ಲ. ಮರದ ಮೇಲೆ ಎರಡು ನೂಲೆಳೆಗಳು ಮಾತ್ರ ಇವೆ. ಇದನ್ನು ಕಂಡು ಲುವೋ ಝೆನ್‌ಯು ಎಂಬ ವಿದ್ವಾಂಸನು, ಮರಕ್ಕೆ ಬಿಗಿದ ರೇಷ್ಮೆಯ ತಂತಿ, ಎಂದರೆ ತಂತೀವಾದ್ಯ, ಇದರ ಮೂಲವೆಂದನು. ಜಪಾನಿನ ಷಿರಾಕಾವಾ ಷಿಜುಕಾ ಎಂಬ ಪಂಡಿತನ (೧೯೧೦-೨೦೦೬) ಮತದಂತೆ ಇದು ಹಿಡಿಯುಳ್ಳ ಗಂಟೆ. ರೋಗನಿವಾರಣೆಗಾಗಿ ದೇವತಾರಾಧಕರು ಆಡಿಸುತ್ತಿದ್ದುದು. ಭೇರಿಯಾಗಲಿ ವೀಣೆಯಾಗಲಿ ಗಂಟೆಯಾಗಲಿ, ನಾದವೇ ಇದರ ಮೂಲಾರ್ಥವೆಂಬುದರಲ್ಲಿ ಮೂವರಿಗೂ ವಿವಾದವಿಲ್ಲ. ನಾದದಿಂದ ಆಹ್ಲಾದವುಂಟಾಗುವುದರಿಂದ ಅದೇ ಅಕ್ಷರವು ಸುಖವಾಚಕವೂ ಆಯಿತು. ಜಪಾನೀಯರು ಸಂಗೀತಾರ್ಥದಲ್ಲಿ ಇದನ್ನು ‘ಗಾಕು’ ಎಂದೂ, ಸುಖಾರ್ಥದಲ್ಲಿ ‘ರಾಕು’ ಎಂದೂ ಉಚ್ಚರಿಸುವರು.

ಸಂಸ್ಕೃತಜ್ಞರಿಗೆ ಇಲ್ಲೊಂದು ಪರಿಚಿತವಾದ ಸಂಬಂಧವಿದೆ. ಬೌದ್ಧಗ್ರಂಥಗಳು ಚೀನೀ ಭಾಷೆಗೆ ಪರಿವರ್ತಿತವಾದಾಗ ‘ಸುಖ’ ಶಬ್ದಕ್ಕೆ ಈ ಅಕ್ಷರವನ್ನೇ ಬಳಸಿದರು. ದುಃಖಸುಖಗಳೆಂಬ ದ್ವಂದ್ವವು ಜಪಾನೀಯರ ಬಾಯಲ್ಲಿ ‘ಕುರಾಕು’ ಆಗಿದೆ. ಅಮಿತಾಭಬುದ್ಧನ ಲೋಕವಾದ ‘ಸುಖಾವತಿ’ಯನ್ನು ಕುಮಾರಜೀವನು ಐದನೆಯ ಶತಮಾನದ ಆರಂಭದಲ್ಲಿ ‘ಪರಮಸುಖ’ ಎಂಬರ್ಥದ ಎರಡಕ್ಷರಗಳಿಂದ ಅನುವಾದಿಸಿದನು; ಅದೇ ಜಪಾನಿನ ‘ಗೊಕುರಾಕು’. ಹೀಗೆ ಕ್ಯೋತೋ ನಗರದ ಕುಂಬಾರನ ಮುದ್ರೆಯಲ್ಲಿರುವ ಅಕ್ಷರವು, ಅದೇ ನಗರದ ಬೌದ್ಧಾಲಯಗಳಲ್ಲಿ ನಿತ್ಯಪಾರಾಯಣದಲ್ಲಿ ಕೇಳಿಬರುವ ಅಕ್ಷರವೂ ಹೌದು. ಇದರ ಮೇಲೆ ಹುಲ್ಲಿನ ಚಿಹ್ನೆಯನ್ನಿಟ್ಟರೆ ‘ಔಷಧ’ ಎಂಬರ್ಥದ ಅಕ್ಷರವಾಗುತ್ತದೆ. ಚಹವನ್ನು ಜಪಾನಿನಲ್ಲಿ ಪ್ರಚಾರಪಡಿಸಿದ ಎಯ್ಸಾಯ್ ಎಂಬ ಭಿಕ್ಷುವು ೧೨೧೧ರಲ್ಲಿ ಬರೆದ ಗ್ರಂಥದಲ್ಲಿ ಅದನ್ನು ಔಷಧವೆಂದೇ ಕೊಂಡಾಡಿದ್ದಾನೆ. ಚಹದ ಬಟ್ಟಲಿಗೂ ಈ ಅಕ್ಷರಕ್ಕೂ ಇಲ್ಲಿ ಸಂಬಂಧವನ್ನು ಕಲ್ಪಿಸಲು ಯಾರಿಗಾದರೂ ಮನಸ್ಸಾದೀತು. ಆದರೆ ಅದು ಕಾಕತಾಳೀಯವೇ ಹೊರತು ಪ್ರಮಾಣವಲ್ಲ. ಅಕ್ಷರವು ಬಟ್ಟಲನ್ನು ಸೇರಿದ ದಾರಿಯು ಬೇರೆಯಾಗಿದೆ.

೩

ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಜಪಾನನ್ನು ಏಕಚ್ಛತ್ರಕ್ಕೆ ತಂದವನು ತೊಯೊತೊಮಿ ಹಿದೆಯೋಷಿ. ಅವನ ಆಸ್ಥಾನದಲ್ಲಿ ಚಹಾಗೋಷ್ಠಿಯ ಆಚಾರ್ಯನಾಗಿದ್ದವನು ಸಾಕಾಯಿ ಪಟ್ಟಣದ ವರ್ತಕ ಕುಲದಲ್ಲಿ ಹುಟ್ಟಿದ ಸೆನ್ ನೋ ರಿಕ್ಯೂ (೧೫೨೨-೧೫೯೧). ಸೋಯೆಕಿ ಎಂಬುದು ಅವನ ಇನ್ನೊಂದು ಹೆಸರು. ಅವನಿಗೆ ಮುಂಚೆ ಚೀನದಿಂದ ತಂದ, ತಿಗುರಿಯ ಮೇಲೆ ಸರಿಸಮನಾಗಿ ತಿರುಗಿಸಿ ಹೊಳಪು ಕೊಟ್ಟ ಬಟ್ಟಲುಗಳಿಗೆ ಗೋಷ್ಠಿಗಳಲ್ಲಿ ಬಹು ಮನ್ನಣೆಯಿತ್ತು. ರಿಕ್ಯೂ ಆದರೋ ಎರಡು ಚಾಪೆಗಳಷ್ಟೇ ಅಗಲದ ಕೋಣೆಯನ್ನೂ, ಬಿದಿರಿನ ಹೂದಾನಿಯನ್ನೂ, ಆಡಂಬರವಿಲ್ಲದ ಪಾತ್ರೆಯನ್ನೂ ಮೆಚ್ಚಿದವನು. ಅಂತಹ ಪಾತ್ರೆಯನ್ನು ಮಾಡಿಕೊಟ್ಟವನು ಚೋಜಿರೋ ಎಂಬ ಕುಂಬಾರ.

ಚೋಜಿರೋವಿನ ತಂದೆ ಅಮೆಯಾ ಎಂಬವನು ಚೀನದಿಂದ ಬಂದು ಕ್ಯೋತೋವಿನಲ್ಲಿ ನೆಲಸಿದವನೆಂದು ಮನೆತನದ ಪರಂಪರೆ. ಹಸುರು, ಹಳದಿ, ಕಂದು ಎಂಬ ಮೂರು ವರ್ಣಗಳ ಕಾಚಲೇಪವನ್ನು ಬಲ್ಲ ಈ ಜನರು ಮೃದುವಾದ ಆವಿಗೆಯ ಪಾತ್ರೆಗಳನ್ನು ಸುಡುತ್ತಿದ್ದರು. ಚೋಜಿರೋವಿನದೆಂದು ನಿಶ್ಚಿತವಾದ ಅತ್ಯಂತ ಹಳೆಯ ಕೃತಿಯು ಬಟ್ಟಲಲ್ಲ, ಒಂದು ಸಿಂಹದ ಪ್ರತಿಮೆ. ೧೫೭೪ನೆಯ ಇಸವಿಗೆ ಸರಿಯಾದ ವರ್ಷವನ್ನು ಅದರ ಮೇಲೆ ಕೊರೆದಿದೆ. ಮಾಡಿನ ಹಂಚಿನ ಅಲಂಕಾರವನ್ನು ಹೋಲುವ ಈ ಸಿಂಹದ ಮೈಯ ಕಸುವನ್ನೂ, ಅವನೇ ಮುಂದೆ ಮಾಡಿದ ಬಟ್ಟಲುಗಳ ಮೌನವನ್ನೂ ಒಟ್ಟಿಗೆ ನೋಡಿದವರಿಗೆ, ಮಧ್ಯೆ ರಿಕ್ಯೂವಿನ ಮನಸ್ಸು ಎಷ್ಟರ ಮಟ್ಟಿಗೆ ಕೆಲಸಮಾಡಿತೆಂಬುದು ವಿದಿತವಾಗುತ್ತದೆ.

ಈ ಬಟ್ಟಲುಗಳನ್ನು ತಿಗುರಿಯ ಮೇಲೆ ಮಾಡುವುದಿಲ್ಲ. ಜೇಡಿಮಣ್ಣನ್ನು ಚಪ್ಪಟೆಯಾಗಿ ತಟ್ಟಿ, ಅಂಚನ್ನು ಎರಡು ಅಂಗೈಗಳ ನಡುವೆ ಮೇಲಕ್ಕೆತ್ತಿ, ಒಣಗಿದ ಮೇಲೆ ಕಿರುಗತ್ತಿಯಂಥ ಉಪಕರಣದಿಂದ ಒಳಗೂ ಹೊರಗೂ ಕೆತ್ತುವರು. ಹೀಗೆ ಕೈಯೇ ಅಚ್ಚಾಗುವುದರಿಂದ ಬಟ್ಟಲು ಕುಡಿಯುವವನ ಕೈಗೂ ಸಹಜವಾಗಿ ಒದಗುತ್ತದೆ. ಕಪ್ಪು, ಕೆಂಪು ಎಂದು ಎರಡು ಮುಖ್ಯ ಭೇದಗಳು. ಕಪ್ಪು ಬಟ್ಟಲಿಗೆ ಕ್ಯೋತೋವಿನ ಕಾಮೋ ನದಿಯಲ್ಲಿ ದೊರೆಯುವ, ಕಬ್ಬಿಣದ ಅಂಶವುಳ್ಳ ಕಲ್ಲನ್ನು ಪುಡಿಮಾಡಿ ಅನೇಕ ಸಲ ಬಳಿಯುವರು. ಬಳಿಕ ಅದನ್ನು ಚಿಕ್ಕ ಆವಿಗೆಯಲ್ಲಿ ಒಂದೊಂದಾಗಿ ಇಟ್ಟು, ಇದ್ದಿಲು ತುಂಬಿ, ತಿದಿಯೊತ್ತಿ ಉರಿಯನ್ನೇರಿಸುವರು. ಲೇಪವು ಕರಗಿ ಬಟ್ಟಲು ಕೆಂಡದಂತಾದಾಗ ಇಕ್ಕಳದಿಂದ ಹೊರಕ್ಕೆಳೆದು ಗಾಳಿಯಲ್ಲಿ ಆರಿಸುವರು. ಈ ಹಠಾತ್ತಾದ ತಂಪಿನಿಂದಲೇ ಲೇಪಕ್ಕೆ ಕಪ್ಪು ಬಣ್ಣ ಬರುತ್ತದೆ. ಆವಿಗೆಯಲ್ಲಿಯೇ ಮೆಲ್ಲನೆ ಆರಿದರೆ ಅದು ಕಂದಾಗಿ ಉಳಿಯುವುದು. ಇಕ್ಕಳದ ಗುರುತು ಎಷ್ಟೋ ಬಟ್ಟಲುಗಳ ಮೈಯಲ್ಲಿ ಕಾಣುತ್ತದೆ. ಕೆಂಪು ಬಟ್ಟಲನ್ನು ಕಾವಿಮಣ್ಣಿನ ಮೇಲೆ ಪಾರದರ್ಶಕ ಲೇಪವನ್ನಿತ್ತು, ಕಡಮೆ ಉರಿಯಲ್ಲಿ ಸುಡುವರು.

ನಾರಾ ಪಟ್ಟಣದ ಮತ್ಸುಯಾ ಮನೆತನದವರು ಬರೆದಿಟ್ಟ ಗೋಷ್ಠಿಗಳ ದಿನಚರಿಯಲ್ಲಿ ೧೫೮೬ರಲ್ಲಿ ‘ಸೋಯೆಕಿಯ ಆಕಾರದ ಬಟ್ಟಲು’ ಎಂಬ ಉಲ್ಲೇಖವಿದೆ. ಇದು ಚೋಜಿರೋವಿನ ಬಟ್ಟಲೆಂದು ವಿದ್ವಾಂಸರು ಒಪ್ಪುವರು. ಅದೇ ಕಾಲದಲ್ಲಿ ಇಂತಹ ಪಾತ್ರೆಗಳನ್ನು ‘ಇಮಾಯಾಕಿ’, ಎಂದರೆ ‘ಈಗಿನ ಸುಡುವಿಕೆ’ ಎಂದೂ ಕರೆಯುತ್ತಿದ್ದರು. ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೆಂದರೆ, ಈ ಎರಡು ಹೆಸರುಗಳಲ್ಲಿಯೂ ‘ರಾಕು’ ಎಂಬುದಿಲ್ಲ. ಒಂದು ಆಚಾರ್ಯನ ಹೆಸರನ್ನು ಹೇಳುತ್ತದೆ. ಇನ್ನೊಂದು ಹೊಸತನವನ್ನು ಹೇಳುತ್ತದೆ. ಚೋಜಿರೋವಿನ ಬಟ್ಟಲುಗಳಲ್ಲಿ ಮುದ್ರೆಯೂ ಇಲ್ಲ. ವಸ್ತುವು ಮೊದಲು ಹುಟ್ಟಿತು, ಅಕ್ಷರವು ಅನಂತರ ಬಂದಿತು.

೪

ಅಕ್ಷರವು ಬಂದುದು ಅರಮನೆಯಿಂದ. ಹಿದೆಯೋಷಿಯು ೧೫೮೬ರಲ್ಲಿ ಕ್ಯೋತೋವಿನಲ್ಲಿ ಒಂದು ಭವ್ಯವಾದ ಅರಮನೆಯನ್ನು ಕಟ್ಟಲಾರಂಭಿಸಿ ಮರುವರ್ಷ ಅದರಲ್ಲಿ ವಾಸಕ್ಕೆ ಬಂದನು. ಅದರ ಹೆಸರು ಜುರಾಕುದಾಯಿ. ‘ಜು’ ಎಂದರೆ ಕೂಡಿಸುವುದು, ‘ರಾಕು’ ಎಂದರೆ ಸುಖ. ಸುಖಗಳೆಲ್ಲ ಒಂದೆಡೆ ಸೇರಿದ ಮಂದಿರವೆಂದು ತಾತ್ಪರ್ಯ. ೧೫೮೮ರಲ್ಲಿ ಚಕ್ರವರ್ತಿ ಗೊ-ಯೋಜೇಯಿಯನ್ನು ಅಲ್ಲಿಗೆ ಬರಮಾಡಿಕೊಂಡು ಹಿದೆಯೋಷಿಯು ತನ್ನ ವೈಭವವನ್ನು ಮೆರೆಸಿದನು. ರಿಕ್ಯೂವಿನ ಮನೆಯೂ ಅದರ ಸಮೀಪದಲ್ಲಿಯೇ ಇತ್ತು. ಅಲ್ಲಿಯ ಪರಿಸರದ ಮಣ್ಣಿಗೆ ‘ಜುರಾಕು ಮಣ್ಣು’ ಎಂದೂ, ಆ ಮಣ್ಣಿನ ಬಟ್ಟಲುಗಳಿಗೆ ‘ಜುರಾಕು ಪಾತ್ರೆ’ ಎಂದೂ ಹೆಸರಾಯಿತು. ಇದರ ಪೂರ್ವಪದವು ಲೋಪವಾಗಿ ‘ರಾಕು’ ಉಳಿಯಿತೆಂಬುದು ಬಹುಜನಸಮ್ಮತವಾದ ನಿರ್ವಚನ. ಸತ್ಯಭಾಮೆಯನ್ನು ‘ಭಾಮೆ’ ಎಂದು ಕರೆಯುವಂತೆ ಇದೂ ಒಂದು ಪೂರ್ವಪದಲೋಪವೆಂದು ವೈಯಾಕರಣರು ತಿಳಿಯಬಹುದು.

ಹಿದೆಯೋಷಿಯು ಈ ಅಕ್ಷರವುಳ್ಳ ಮುದ್ರೆಯನ್ನೇ ಕುಂಬಾರನಿಗೆ ದಯಪಾಲಿಸಿದನೆಂಬ ಐತಿಹ್ಯವೂ ಉಂಟು. ಆದರೆ ಪಡೆದವನು ಯಾರೆಂಬಲ್ಲಿ ಐತಿಹ್ಯಗಳು ಭಿನ್ನವಾಗಿವೆ. ಹಿಂದೆ ಚೋಜಿರೋವಿನ ಮಗನು ಜೋಕೇಯಿ, ಅವನೇ ಮುದ್ರೆಯನ್ನು ಪಡೆದವನು ಎಂದು ಸರಳವಾಗಿ ಹೇಳುತ್ತಿದ್ದರು. ೧೬೮೮ರಲ್ಲಿ ಐದನೆಯ ತಲೆಯ ಸೋನ್ಯೂ ಬರೆದಿಟ್ಟ ವಂಶಪತ್ರಗಳಿಂದ ಈ ಸರಳತೆಯು ಹೋಯಿತು. ಅವುಗಳಂತೆ ಚೋಜಿರೋವಿನ ಜೊತೆಯಲ್ಲಿ ತಾನಾಕಾ ಸೋಕೇಯಿ ಎಂಬವನೂ, ಅವನ ಮಕ್ಕಳಾದ ಸೋಮಿ ಮತ್ತು ಜೋಕೇಯಿ ಎಂಬವರೂ ಕೆಲಸಮಾಡುತ್ತಿದ್ದರು; ಸೋಮಿಯ ಮಗಳು ಚೋಜಿರೋವಿನ ಹೆಂಡತಿ. ಈ ಸೋಕೇಯಿ ಮಾಡಿದ ಸಿಂಹಾಕಾರದ ಧೂಪಪಾತ್ರೆಯೊಂದು ಉಳಿದಿದೆ. ಅದರ ಮೇಲೆ ಅವನ ಹೆಸರು, ಅರುವತ್ತು ವರ್ಷದ ಪ್ರಾಯ, ೧೫೯೫ಕ್ಕೆ ಸರಿಯಾದ ವರ್ಷ ಇವು ಕೊರೆಯಲ್ಪಟ್ಟಿವೆ. ಎಂದಮೇಲೆ ಅವನು ಚೋಜಿರೋವಿನ ಮಗನ ಪೀಳಿಗೆಯವನಲ್ಲ, ಅವನಿಗಿಂತ ಹಿರಿಯ ತಲೆಯ ಬಂಧು. ಎರಡನೆಯ ತಲೆಯೆಂದು ಗಣಿತನಾದ ಜೋಕೇಯಿಯೂ ಚೋಜಿರೋವಿಗೆ ಔರಸಪುತ್ರನಲ್ಲ. ಮುದ್ರೆಯ ದಾನವನ್ನು ಐತಿಹ್ಯವಾಗಿಯೇ ಇಟ್ಟುಕೊಂಡರೂ, ಮುದ್ರೆಯ ಬಳಕೆಯು ೧೫೮೯ರಲ್ಲಿ ತೀರಿಕೊಂಡ ಚೋಜಿರೋವಿನ ಅನಂತರದ್ದೆಂಬುದು ಪಾತ್ರೆಗಳಿಂದಲೇ ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ವಿರೋಧಾಭಾಸವು ಗೋಚರಿಸುತ್ತದೆ. ಅಕ್ಷರವನ್ನು ಕೊಟ್ಟ ಅರಮನೆಯ ಒಡೆಯನಿಗೆ ಈ ಬಟ್ಟಲುಗಳ ಕಪ್ಪು ಬಣ್ಣವು ಹಿಡಿಸುತ್ತಿರಲಿಲ್ಲ. ಹಕಾತಾ ಪಟ್ಟಣದ ವರ್ತಕ ಕಾಮಿಯಾ ಸೋತಾನನ ದಿನಚರಿಯಲ್ಲಿ ೧೫೯೦ರ ಒಂದು ಗೋಷ್ಠಿಯ ವಿವರವಿದೆ. ಅಂದು ರಿಕ್ಯೂ ಕಪ್ಪು ಬಟ್ಟಲಿನಲ್ಲಿ ಚಹವನ್ನು ಸಿದ್ಧಪಡಿಸಿ, ಪ್ರಭುವಿಗೆ ಕಪ್ಪು ಬಟ್ಟಲೆಂದರೆ ಆಗದೆಂಬ ಮಾತನ್ನೂ ಹೇಳಿದನೆಂದು ಸೋತಾನನು ಬರೆದುಕೊಂಡಿದ್ದಾನೆ. ಹಿದೆಯೋಷಿಯು ಗೋಡೆಗಳಿಗೆಲ್ಲ ಚಿನ್ನ ಹೊದಿಸಿದ ಚಹಾಮಂದಿರವನ್ನು ಮಾಡಿಸಿ, ೧೫೮೬ರಲ್ಲಿ ಅದನ್ನು ಚಕ್ರವರ್ತಿಯ ಅರಮನೆಗೆ ಒಯ್ದು ತೋರಿಸಿದವನು. ಒಬ್ಬನದು ಸುವರ್ಣ, ಇನ್ನೊಬ್ಬನದು ಕಪ್ಪು ಮಣ್ಣು. ೧೫೯೧ರಲ್ಲಿ ಹಿದೆಯೋಷಿಯ ಆಜ್ಞೆಯಂತೆ ರಿಕ್ಯೂ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಪ್ರಾಣಬಿಟ್ಟನು. ಆಗ ಅವನಿಗೆ ಎಪ್ಪತ್ತು ವರ್ಷ. ಈ ಶಿಕ್ಷೆಯ ಕಾರಣವನ್ನು ಕುರಿತು ಮತಭೇದಗಳಿವೆ. ಬಟ್ಟಲಿನ ಬಣ್ಣವೇ ಕಾರಣವೆಂದು ಹೇಳುವುದು ಸಾಹಸವಾದೀತು. ಆದರೆ ಆಚಾರ್ಯನ ಮನಸ್ಸಿನಿಂದ ಹುಟ್ಟಿದ ಪಾತ್ರೆಯು ಅವನ ಮರಣಾನಂತರ ಅವನನ್ನು ಕೊಲ್ಲಿಸಿದವನ ಅರಮನೆಯ ಹೆಸರನ್ನು ಹೊತ್ತಿತೆಂಬುದು ಸತ್ಯ. ‘ಸೋಯೆಕಿಯ ಆಕಾರ’ ಎಂಬ ಹೆಸರು ಹಿಂದೆ ಬಿದ್ದಿತು, ‘ರಾಕು’ ನಿಂತಿತು. ಅರಮನೆಯಾದರೂ ಉಳಿಯಲಿಲ್ಲ. ಹಿದೆಯೋಷಿಯು ತನ್ನ ಸೋದರಳಿಯ ಹಿದೆತ್ಸುಗುವಿನ ಮೇಲೆ ಮುನಿದು ಅವನನ್ನು ಸಾಯಿಸಿದ ಬಳಿಕ, ೧೫೯೫ರಲ್ಲಿಯೇ ಅದನ್ನು ಕೀಳಿಸಿ ನೆಲಸಮ ಮಾಡಿಸಿದನು.

೫

ಮೂರನೆಯ ತಲೆಯ ದೋನ್ಯೂ (೧೫೯೯-೧೬೫೬) ಹೊಳಪಾದ ಕಪ್ಪು ಲೇಪವನ್ನು ಪರದೆಯಂತೆ ಇಳಿಬಿಡುವ ಹೊಸ ಬಗೆಯನ್ನು ತಂದನು. ಅವನ ಮುದ್ರೆಯಲ್ಲಿ ಅಕ್ಷರದ ನಡುವಣ ‘ಬಿಳುಪು’ ಚಿಹ್ನೆಯು ‘ತಾನು’ ಎಂಬರ್ಥದ ಚಿಹ್ನೆಯಂತೆ ಕಾಣುವುದರಿಂದ ರಸಿಕರು ಅದನ್ನು ‘ಸ್ವ-ರಾಕು’ ಮುದ್ರೆಯೆಂಬರ್ಥದಲ್ಲಿ ಕರೆಯುವರು. ಖಡ್ಗಪರೀಕ್ಷಕರ ಕುಲದವನೂ ಲಿಪಿಕಾರನೂ ಆದ ಹೊನಾಮಿ ಕೋಯೆತ್ಸು (೧೫೫೮-೧೬೩೭) ಈ ಮನೆತನದಿಂದ ಮಣ್ಣನ್ನು ತರಿಸಿಕೊಂಡು ತಾನೇ ಬಟ್ಟಲುಗಳನ್ನು ಮಾಡಿದನು. ಅವನ ‘ಫುಜಿಸಾನ್’ ಎಂಬ ಬಟ್ಟಲು ಇಂದು ಜಪಾನಿನ ರಾಷ್ಟ್ರೀಯ ನಿಧಿಗಳಲ್ಲೊಂದು. ಒಂಬತ್ತನೆಯ ತಲೆಯ ರ್ಯೋನ್ಯೂವಿನ ಕಾಲದಲ್ಲಿ, ೧೭೮೮ರ ಮಹಾಗ್ನಿಯು ಕ್ಯೋತೋ ನಗರವನ್ನು ಸುಟ್ಟಾಗ ಮನೆಯೂ ಮುದ್ರೆಯೂ ನಾಶವಾದುವು. ಆದಕಾರಣ ಅವನ ಪಾತ್ರೆಗಳನ್ನು ‘ಬೆಂಕಿಗೆ ಮುಂಚಿನ ಮುದ್ರೆ’ಯುಳ್ಳವೆಂದೂ ಅನಂತರದವೆಂದೂ ವಿಂಗಡಿಸುವರು. ಹತ್ತನೆಯ ತಲೆಯ ತಾನ್‌ನ್ಯೂವಿಗೆ ೧೮೨೬ರಲ್ಲಿ ಕೀ ದೇಶದ ಪ್ರಭು ತೊಕುಗಾವಾ ಹರುತೊಮಿಯು ಸ್ವಹಸ್ತದಿಂದ ಬರೆದ ‘ರಾಕು’ ಅಕ್ಷರವನ್ನು ಕೊಟ್ಟನು. ಹಿದೆಯೋಷಿಯ ಕಾಲದ ಐತಿಹ್ಯವು ಹೀಗೆ ಇನ್ನೊಬ್ಬ ಪ್ರಭುವಿನಲ್ಲಿ ಚಾರಿತ್ರಿಕವಾಗಿ ಪುನರಾವೃತ್ತವಾಯಿತು. ಅಕ್ಷರವು ಒಂದೇ ಆದರೂ ಪ್ರತಿಯೊಂದು ತಲೆಯವರೂ ಬೇರೆ ಬೇರೆ ರೀತಿಯ ಬರಹದಲ್ಲಿ ಮುದ್ರೆಯನ್ನು ಮಾಡಿಸಿಕೊಂಡುದರಿಂದ, ಶಾಸನಪರೀಕ್ಷಕರು ಲಿಪಿಯ ಮರಳುವಿಕೆಯಿಂದ ಕಾಲವನ್ನು ನಿರ್ಣಯಿಸುವಂತೆ, ಇಲ್ಲಿ ಮುದ್ರೆಯ ರೂಪದಿಂದ ಕರ್ತೃವನ್ನು ನಿರ್ಣಯಿಸುವರು.

೬

ಈಗ ಲಕ್ಷಣದ ವಿಚಾರ. ರಾಕು ಪಾತ್ರೆಯೆಂದರೆ ಯಾವುದು?

ಜುರಾಕು ಮಣ್ಣಿನದೇ ರಾಕು ಎಂದರೆ ಅವ್ಯಾಪ್ತಿ ದೋಷವು ಬರುತ್ತದೆ. ಮನೆತನದವರು ಬೇರೆ ಬೇರೆ ಎಡೆಯ ಮಣ್ಣನ್ನೂ ಬಳಸಿದ್ದಾರೆ. ಮುದ್ರೆಯುಳ್ಳದ್ದೇ ರಾಕು ಎಂದರೆ ಮುದ್ರೆಯಿಲ್ಲದ ಚೋಜಿರೋವಿನ ಬಟ್ಟಲುಗಳೇ ಹೊರಗುಳಿಯುತ್ತವೆ. ಮೂಲವನ್ನೇ ಬಿಡುವ ಲಕ್ಷಣವು ಲಕ್ಷಣವಲ್ಲ. ಕೈಯಿಂದ ಮಾಡಿ, ಉರಿಯಿಂದ ಕೆಂಪಗಿರುವಾಗಲೇ ಹೊರತೆಗೆದದ್ದು ರಾಕು ಎಂದರೆ ಅತಿವ್ಯಾಪ್ತಿಯಾಗುತ್ತದೆ. ಇದಕ್ಕೆ ನಿದರ್ಶನವು ದೂರದಲ್ಲಿಲ್ಲ. ೧೯೧೧ರಲ್ಲಿ ತೋಕಿಯೋವಿನಲ್ಲಿ ಒಂದು ವಿನೋದಗೋಷ್ಠಿಯಲ್ಲಿ ಈ ವಿಧಾನವನ್ನು ಮೊದಲು ಕಂಡ ಬರ್ನಾರ್ಡ್ ಲೀಚ್ ಎಂಬ ಆಂಗ್ಲೇಯನು ಕುಂಭಕಲೆಗೆ ಮನಸೋತು, ೧೯೪೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ೧೯೬೦ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಪಾಲ್ ಸೋಲ್ಡ್‌ನರ್ ಎಂಬವನು ಕೆಂಡದಂತಿರುವ ಪಾತ್ರೆಯನ್ನು ಎಲೆಗಳಲ್ಲಿ ಹೊಗೆಗೊಡ್ಡುವ ಪ್ರಯೋಗವನ್ನು ಮಾಡಿದನು. ಅಂದಿನಿಂದ ಪಾಶ್ಚಾತ್ಯ ದೇಶಗಳಲ್ಲಿ ಹೊಟ್ಟು ಎಲೆಗಳ ಹೊಗೆಯಿಂದ ಬಿರುಕಿನ ಗೆರೆಗಳು ಮೂಡಿದ ಪಾತ್ರೆಗಳಿಗೆಲ್ಲ ‘ರಾಕು’ ಎಂದೇ ಹೆಸರು. ಕ್ಯೋತೋವಿನ ಆವಿಗೆಯಲ್ಲಿ ಈ ಹೊಗೆಯ ಕ್ರಮವಿಲ್ಲ. ಹೆಸರು ಸಮುದ್ರವನ್ನು ದಾಟಿತು, ಅರ್ಥವು ಈಚೆಯ ದಡದಲ್ಲಿ ಉಳಿಯಿತು.

ಹಾಗಾದರೆ ರಕ್ತಸಂಬಂಧವೇ ಲಕ್ಷಣವೆನ್ನಬಹುದೋ? ಅದೂ ಸಲ್ಲದು. ನಾಲ್ಕನೆಯ ತಲೆಯ ಇಚಿನ್ಯೂವಿಗೆ (೧೬೪೦-೧೬೯೬) ಇಚಿಗೆನ್ ಎಂಬ ಮಗನಿದ್ದನು. ಅವನು ತಾಯಿಯೊಡನೆ ತಮಾಮಿಜು ಎಂಬ ಹಳ್ಳಿಗೆ ಹೋಗಿ ಬೇರೆ ಆವಿಗೆಯನ್ನು ಹೂಡಿದನು. ಮನೆತನದ ಐದನೆಯ ತಲೆಯಾದವನು ದತ್ತಕನಾಗಿ ಬಂದ ಸೋನ್ಯೂ (೧೬೬೪-೧೭೧೬). ಇವನು ಹುಟ್ಟಿದ್ದು ಬಟ್ಟೆಯ ವ್ಯಾಪಾರಿಗಳ ಕುಲದಲ್ಲಿ. ಪ್ರಖ್ಯಾತ ಚಿತ್ರಕಾರ ಒಗಾತಾ ಕೋರಿನ್ ಇವನ ಜ್ಞಾತಿ. ಆದರೆ ದೋನ್ಯೂವಿನ ಹೊಳಪನ್ನು ಬಿಟ್ಟು ಚೋಜಿರೋವಿನ ಮಂಕಾದ, ಗಂಭೀರವಾದ ಕಪ್ಪಿಗೆ ಮರಳಿದವನು ಈ ದತ್ತಕನೇ. ಆರನೆಯ ಸಾನ್ಯೂವೂ ಹೊರಗಿನಿಂದ ಬಂದವನೇ. ಇನ್ನೊಂದು ಕಡೆ, ಇಚಿನ್ಯೂವಿನ ಆವಿಗೆಯಲ್ಲಿ ಕಲಿತ ಚೋಜಾಯೆಮಾನ್ ಎಂಬವನು ೧೬೬೬ರಲ್ಲಿ ಕಾನಾಜಾವಾ ಪಟ್ಟಣಕ್ಕೆ ಹೋಗಿ, ಅಲ್ಲಿಯ ಓಹಿ ಎಂಬ ಹಳ್ಳಿಯ ಮಣ್ಣಿನಿಂದ ಜೇನುಬಣ್ಣದ ಪಾತ್ರೆಗಳನ್ನು ಮಾಡಿದನು. ಅವನ ಸಂತತಿಯ ಪಾತ್ರೆಗಳಿಗೆ ‘ಓಹಿ’ ಎಂದೇ ಹೆಸರು. ವಿಧಾನವು ಒಂದೇ ಆದರೂ ಅವರು ಅಕ್ಷರವನ್ನು ಕೊಂಡೊಯ್ಯಲಿಲ್ಲ.

ವಂಶವು ಜನ್ಮದಿಂದ ಬಂದುದೆಂದೂ ವಿದ್ಯೆಯಿಂದ ಬಂದುದೆಂದೂ ಎರಡು ವಿಧವೆಂಬುದು ವೈಯಾಕರಣರಿಗೆ ಸಮ್ಮತವಾದ ವಿಭಾಗ. ಈ ವಿಭಾಗವನ್ನು ಇಲ್ಲಿ ಅನ್ವಯಿಸಿದರೆ ವಿಷಯವು ತಿಳಿಯಾಗುತ್ತದೆ. ‘ರಾಕು’ ಎಂಬುದು ಒಂದು ವಿದ್ಯಾವಂಶದ ಹೆಸರು. ಜನ್ಮವಂಶವು ಅದಕ್ಕೆ ಆಶ್ರಯವೇ ಹೊರತು ಸ್ವರೂಪವಲ್ಲ. ಒಬ್ಬ ತಲೆಯವನು ಶೇಖರಿಸಿದ ಮಣ್ಣನ್ನು ಕೆಲವು ತಲೆಗಳ ಅನಂತರದವನು ಬಳಸುವ ಪದ್ಧತಿಯು ಈ ಮನೆಯಲ್ಲಿದೆ. ಲೇಪದ ಪ್ರಮಾಣವನ್ನಾದರೋ ತಂದೆಯು ಬರೆದುಕೊಡುವುದಿಲ್ಲ; ಪ್ರತಿಯೊಬ್ಬನೂ ತಾನೇ ಕಂಡುಕೊಳ್ಳಬೇಕು. ಕೊಡುವುದು ಮಣ್ಣು ಮತ್ತು ಅಕ್ಷರ, ಉಳಿದುದು ಸ್ವಾರ್ಜಿತ.

ಈ ವಿದ್ಯಾವಂಶವು ಕಡಿದುಹೋಗುವ ಸ್ಥಿತಿಯೂ ಬಂದಿತ್ತು. ಎರಡನೆಯ ಮಹಾಯುದ್ಧದ ನಡುವೆ, ೧೯೪೪ರಲ್ಲಿ, ಹದಿಮೂರನೆಯ ತಲೆಯ ಸೇಯಿನ್ಯೂ ತೀರಿಕೊಂಡನು. ಉತ್ತರಾಧಿಕಾರಿಯಾದ ಮಗನು ಆಗ ಸೈನ್ಯದಲ್ಲಿದ್ದನು. ೧೯೪೫ರಲ್ಲಿ ಮರಳಿ ಬಂದ ಅವನಿಗೆ ಕಲಿಸಲು ತಂದೆಯಿರಲಿಲ್ಲ. ಆವಿಗೆಯಿತ್ತು, ಹಿಂದಿನವರ ಬಟ್ಟಲುಗಳಿದ್ದುವು. ಅವುಗಳನ್ನೇ ಗುರುಗಳನ್ನಾಗಿ ಮಾಡಿಕೊಂಡು ಅವನು ಕೆಲಸವನ್ನು ಮುಂದುವರಿಸಿದನು. ಹದಿನಾಲ್ಕನೆಯ ತಲೆಯಾದ ಈ ಕಾಕುನ್ಯೂ (೧೯೧೮-೧೯೮೦) ೧೯೭೮ರಲ್ಲಿ ಮನೆಯ ಪಕ್ಕದಲ್ಲಿಯೇ ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿ, ಪೂರ್ವಿಕರ ಬಟ್ಟಲುಗಳನ್ನೂ ಪತ್ರಗಳನ್ನೂ ಅಲ್ಲಿ ಇರಿಸಿದನು. ತನಗೆ ಒದಗಿದ ಕಷ್ಟವು ಮುಂದಿನವರಿಗೆ ಒದಗದಿರಲು ಇದಕ್ಕಿಂತ ಉತ್ತಮವಾದ ಉಪಾಯವಿಲ್ಲ. ೨೦೧೯ರಲ್ಲಿ ಹದಿನೈದನೆಯ ತಲೆಯವನು ಜಿಕಿನ್ಯೂ ಎಂಬ ಹೆಸರಿನಿಂದ ನಿವೃತ್ತನಾಗಲು, ಹದಿನಾರನೆಯವನು ಕಿಚಿಜಾಯೆಮಾನ್ ಎಂಬ ಕುಲನಾಮವನ್ನು ವಹಿಸಿಕೊಂಡನು.

೭

ಇದರಿಂದ ಸಿದ್ಧವಾಗುವುದೇನೆಂದರೆ: ‘ರಾಕು’ ಅಕ್ಷರವು ಮೂಲದಲ್ಲಿ ನಾದವಾಚಕ, ಬಳಿಕ ಸುಖವಾಚಕ, ಕುಂಭಕಲೆಗೆ ಅದು ಬಂದುದು ಜುರಾಕುದಾಯಿ ಅರಮನೆಯ ಹೆಸರಿನ ಮೂಲಕ, ಬಟ್ಟಲುಗಳು ಆ ಹೆಸರಿಗಿಂತ ಮುಂಚಿನವು. ಪಂಕದಲ್ಲಿ ಹುಟ್ಟಿದ್ದೆಲ್ಲ ಪಂಕಜವಲ್ಲದಿರುವಂತೆ, ರಾಕು ವಿಧಾನದಿಂದ ಸುಟ್ಟದ್ದೆಲ್ಲ ರಾಕುವಲ್ಲ. ಯೋಗವನ್ನು ರೂಢಿಯು ನಿಯಮಿಸುತ್ತದೆ, ಆ ರೂಢಿಯನ್ನು ಹದಿನಾರು ತಲೆಗಳ ವಿದ್ಯಾಪರಂಪರೆಯು ಕಾಪಾಡುತ್ತದೆ.

ಪ್ರಭುವಿನ ಅಕ್ಷರವು ಆಚಾರ್ಯನ ಬಟ್ಟಲನ್ನು ಸ್ವಾಧೀನಮಾಡಿಕೊಂಡಿತೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನಾಲ್ಕು ಶತಮಾನಗಳ ತರುವಾಯ ನೋಡಿದರೆ ಆದದ್ದು ಅದಕ್ಕೆ ವಿಪರೀತ. ಸುಖಗಳನ್ನು ಕೂಡಿಸಿಡಬೇಕೆಂದ ಮಂದಿರವು ಎಂಟು ವರ್ಷಗಳಲ್ಲಿ ಕೆಡವಲ್ಪಟ್ಟಿತು. ಇಂದು ಜಪಾನಿನಲ್ಲಿ ಮೃತ್ಪಾತ್ರೆಯ ಪ್ರಸಂಗದಲ್ಲಿ ‘ರಾಕು’ ಎಂದರೆ ಯಾರಿಗೂ ಆ ಅರಮನೆಯು ಮೊದಲು ನೆನಪಾಗುವುದಿಲ್ಲ. ಎರಡು ಅಂಗೈಗಳಲ್ಲಿ ಹಿಡಿಯುವ, ಒಡೆಯನಿಗೆ ಒಪ್ಪಿಗೆಯಾಗದಿದ್ದ ಆ ಕಪ್ಪು ಬಟ್ಟಲೇ ನೆನಪಾಗುತ್ತದೆ.